ಆಟ ನಿಂತ ಮೇಲಿನ ಆಟ

ಮೇ ತಿಂಗಳ ರಾಯಚೂರನ್ನು ಬಲ್ಲವರಿಗೆ ಬಿಸಿಲಿನ ವರ್ಣನೆ ಬೇಕಿಲ್ಲ. ಹನ್ನೊಂದು ಗಂಟೆ ಆಗುವುದರೊಳಗೆ ತೀನ್ ಕಂದೀಲ್ ಸುತ್ತಿನ ರಸ್ತೆಗಳು ಬಿಕೋ ಎನ್ನುತ್ತವೆ. ಕಾಲುವೆಗೆ ನೀರು ನಿಂತಿರುತ್ತದೆ. ಮಾನ್ವಿಯ ಗದ್ದೆ ಕೊಯ್ದು ಮುಗಿದಿರುತ್ತದೆ, ದೇವದುರ್ಗದ ಕರಿನೆಲ ಬಾಯಿ ಬಿಟ್ಟುಕೊಂಡು ಮಳೆ ಕಾಯುತ್ತಿರುತ್ತದೆ. ಶಾಲೆಗೆ ರಜೆ, ಹೊಲಕ್ಕೆ ರಜೆ. ಮಾತಿಗೆ ಮಾತ್ರ ರಜೆಯಿಲ್ಲ. ಸಂಜೆ ಗಾಳಿ ತುಸು ತಂಪಾದ ಮೇಲೆ ಒಗ್ಗರಣಿ–ಮಿರ್ಚಿ ತಟ್ಟೆಯ ಮುಂದೆ ಕುಳಿತವರು ರಾಜಕೀಯ ಮುಗಿಸಿ, ಕ್ರಿಕೆಟ್ ಮುಗಿಸಿ, ಇನ್ನೇನೂ ಉಳಿಯದಿದ್ದಾಗ ಫುಟ್‌ಬಾಲಿಗೆ ಬರುತ್ತಾರೆ. ಆ ಹೊತ್ತಿಗೆ ಫುಟ್‌ಬಾಲೂ ಮುಗಿದಿರುತ್ತದೆ!

ಇಲ್ಲಿಯೇ ಇರುವುದು ಸ್ವಾರಸ್ಯ. ನಮ್ಮ ದೇಶದ ವೃತ್ತಿಪರ ಫುಟ್‌ಬಾಲ್ ಲೀಗು ಸಾಮಾನ್ಯವಾಗಿ ಬೇಸಿಗೆಯ ಹೊತ್ತಿಗೆ ಮುಗಿದು, ಮತ್ತೆ ಶುರುವಾಗುವುದು ಮಳೆಗಾಲದ ಕೊನೆಗೆ. ನಡುವಿನ ನಾಲ್ಕೈದು ತಿಂಗಳು ಲೀಗಿನಲ್ಲಿ ಯಾರೂ ಚೆಂಡು ಒದೆಯುವುದಿಲ್ಲ. ಆದರೆ ಅಭಿಮಾನಿಗಳ ಪಾಲಿಗೆ ಅದೇ ಜಗಳದ ಋತು. ಯಾರು ಯಾವ ತಂಡ ಬಿಟ್ಟರು, ಯಾರು ಎಲ್ಲಿ ಸೇರಿದರು, ಹೊಸ ತರಬೇತುದಾರ ಯಾವ ದೇಶದವನು, ಈ ಬಿಡುವಿನಲ್ಲಿ ಎಲ್ಲರಿಗಿಂತ ಹೆಚ್ಚು ಸುಧಾರಿಸಿದ ತಂಡ ಯಾವುದು? ಉತ್ತರ ಗೊತ್ತಾಗುವುದು ಮುಂದಿನ ವರ್ಷ. ಆದ್ದರಿಂದ ಇಂದು ಯಾರು ಏನು ಹೇಳಿದರೂ ನಡೆಯುತ್ತದೆ.

ರೈತನ ಮಾತಿನಲ್ಲಿ ಹೇಳುವುದಾದರೆ ಇದು ಹೊಲ ಖಾಲಿ ಬಿದ್ದ ಕಾಲ. ಹಾಗೆಂದು ರೈತ ಕೈಕಟ್ಟಿ ಕೂಡುತ್ತಾನೆಯೇ? ಉಳುಮೆ ಮಾಡಬೇಕು, ಗೊಬ್ಬರ ಹೇರಬೇಕು, ಬೀಜ ಹೊಂದಿಸಬೇಕು, ಸಂತೆಗೆ ಹೋಗಿ ಎತ್ತಿನ ಬಾಯಿ ತೆರೆದು ಹಲ್ಲು ಎಣಿಸಬೇಕು. ಫುಟ್‌ಬಾಲ್ ಕ್ಲಬ್ಬುಗಳೂ ಮಾಡುವುದು ಇದನ್ನೇ. ಭಾರತದಲ್ಲಿ ಆಟಗಾರರ ಒಪ್ಪಂದಗಳು ಸಾಮಾನ್ಯವಾಗಿ ಮೇ 31ಕ್ಕೆ ಮುಗಿಯುತ್ತವೆ. ಜೂನ್ ಬಂತೆಂದರೆ ಸಂತೆ ಕೂಡಿತೆಂದೇ ಲೆಕ್ಕ. ಕಾಲು ನೋಡುತ್ತಾರೆ, ವಯಸ್ಸು ಕೇಳುತ್ತಾರೆ, ಹಳೆಯ ಗಾಯಗಳ ಚರಿತ್ರೆ ತೆಗೆಯುತ್ತಾರೆ. ಸಂತೆಯಲ್ಲಿ ಕೊಂಬಿಗೆ ಬಣ್ಣ ಬಳಿದ ಎತ್ತಿಗೆ ಗಿರಾಕಿ ಜಾಸ್ತಿ. ಇಲ್ಲಿ ಹೆಸರಿರುವ ಆಟಗಾರನಿಗೆ.

ಎರಡು ದಿಕ್ಕಿನ ರೈಲು

ರಾಯಚೂರಿನಲ್ಲಿ ಈ ವಾದಕ್ಕೆ ಒಂದು ವಿಶೇಷವಿದೆ. ಬೆಂಗಳೂರಿನಲ್ಲಿ ಕುಳಿತವನು ಬೆಂಗಳೂರು ಎಫ್‌ಸಿ ಎನ್ನುತ್ತಾನೆ, ಮುಗಿಯಿತು. ನಮ್ಮಲ್ಲಿ ಹಾಗಲ್ಲ. ಬೆಂಗಳೂರು ಇಲ್ಲಿಂದ ನಾನೂರು ಕಿಲೋಮೀಟರಿಗೂ ಆಚೆ. ಹೈದರಾಬಾದು ಅದರ ಅರ್ಧದಷ್ಟು. ಆಸ್ಪತ್ರೆಗೆ, ಮದುವೆಯ ಸೀರೆಗೆ, ಕೂಲಿಗೆ, ಕಾಲೇಜಿಗೆ ಜಿಲ್ಲೆಯ ಜನ ಹೈದರಾಬಾದ್ ಕಡೆ ಮುಖ ಮಾಡಿದ್ದು ಇಂದು ನಿನ್ನೆಯದಲ್ಲ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯಕ್ಕೇ ಸೇರಿತ್ತು. ಹೀಗಾಗಿ ಫುಟ್‌ಬಾಲ್ ಮಾತು ಬಂದಾಗ ಒಂದೇ ಟೇಬಲ್ಲಿನಲ್ಲಿ ಎರಡು ಪಕ್ಷ ಹುಟ್ಟುವುದರಲ್ಲಿ ಆಶ್ಚರ್ಯವೇನಿಲ್ಲ.

ಎರಡೂ ಪಕ್ಷಗಳಿಗೆ ಹೇಳಿಕೊಳ್ಳಲು ಇತಿಹಾಸ ಧಾರಾಳವಾಗಿದೆ. ಹೈದರಾಬಾದಿನವರು ಮೊದಲು ತೆಗೆಯುವುದು ಸೈಯದ್ ಅಬ್ದುಲ್ ರಹೀಮ್ ಹೆಸರು. ಶಾಲಾ ಮಾಸ್ತರಿಕೆ ಮಾಡಿಕೊಂಡಿದ್ದ ಈ ಮನುಷ್ಯ ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಅಂದರೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿದ್ದ ಕಾಲದಲ್ಲೇ. ಅದೇ ರಹೀಮ್ ಸಾಹೇಬರ ಕೈಕೆಳಗೆ ಭಾರತ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು, 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಚಿನ್ನ ಗೆದ್ದಿತು. 2024ರಲ್ಲಿ ಅಜಯ್ ದೇವಗನ್ ಅವರ ‘ಮೈದಾನ್’ ಚಿತ್ರ ಬಂದ ಮೇಲೆ ಈ ಹೆಸರು ಹೊಸ ಹುಡುಗರ ಬಾಯಲ್ಲೂ ಓಡಾಡತೊಡಗಿದೆ.

ಬೆಂಗಳೂರಿನವರೇನು ಕಡಿಮೆಯೇ? 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಾಗ, ಮಿಲಿಟರಿ ತಂಡಗಳ ಸ್ವತ್ತಾಗಿದ್ದ ಆ ಕಪ್ಪಿಗೆ ಕೈಹಾಕಿದ ಮೊದಲ ಭಾರತೀಯ ನಾಗರಿಕ ತಂಡ ಅದಾಗಿತ್ತು. ಮರುವರ್ಷವೂ ಗೆದ್ದರು. ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. ಆಮೇಲೆ 54 ವರ್ಷ ಬರ. 2023ರ ಮಾರ್ಚ್ 4ರಂದು ದೂರದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಆ ಬರ ಮುಗಿಸಿತು.

ಇರಲಿ. ಹಳೆಯ ಕಪ್ಪುಗಳಿಂದ ಈ ವರ್ಷದ ವಾದ ತೀರುವುದಿಲ್ಲ.

ಅಳೆಯುವುದು ಹೇಗೆ?

ಸುಧಾರಣೆ ಅಂದರೆ ಏನು ಎಂಬುದರಲ್ಲೇ ಮೊದಲ ತಕರಾರು. ದೊಡ್ಡ ಹೆಸರು ತಂದವರು ಸುಧಾರಿಸಿದರು ಎನ್ನುವುದು ಜೂನ್ ತಿಂಗಳ ಲೆಕ್ಕ. ಅಂಕಪಟ್ಟಿಯಲ್ಲಿ ಮೇಲೆ ಬಂದವರು ಸುಧಾರಿಸಿದರು ಎನ್ನುವುದು ಮಾರ್ಚ್ ತಿಂಗಳ ಲೆಕ್ಕ. ಎರಡೂ ತಾಳೆಯಾಗುವುದು ಅಪರೂಪ.

ಇಂಗ್ಲೆಂಡಿನ ಲೆಸ್ಟರ್ ಸಿಟಿಯ ಕಥೆ ಈಗ ಜಗತ್ತಿಗೇ ಗೊತ್ತು. 2014–15ರಲ್ಲಿ 14ನೇ ಸ್ಥಾನದಲ್ಲಿದ್ದ ತಂಡ. 2015ರ ಬೇಸಿಗೆಯಲ್ಲಿ ತರಬೇತುದಾರನನ್ನು ಕಳಿಸಿ ಕ್ಲಾಡಿಯೊ ರನಿಯೇರಿ ಎಂಬ ಇಟಲಿಯ ಹಿರಿಯರನ್ನು ತಂದಿತು; ಫ್ರಾನ್ಸಿನ ಸಣ್ಣ ಕ್ಲಬ್ಬೊಂದರಿಂದ ಎನ್ಗೊಲೊ ಕಾಂಟೆ ಎಂಬ ಗಿಡ್ಡ ಹುಡುಗನನ್ನು ತಂದಿತು. ಬಾಜಿ ಕಟ್ಟುವವರು ಈ ತಂಡಕ್ಕೆ ಕೊಟ್ಟದ್ದು ಒಂದಕ್ಕೆ ಐದು ಸಾವಿರದ ದರ. ಮುಂದಿನ ಮೇ ತಿಂಗಳಲ್ಲಿ ಲೆಸ್ಟರ್ ಚಾಂಪಿಯನ್. ಇದಕ್ಕೆ ತದ್ವಿರುದ್ಧವಾಗಿ, 2022–23ರ ಎರಡು ಸಂತೆಗಳಲ್ಲಿ ಐನೂರು ದಶಲಕ್ಷ ಪೌಂಡಿಗೂ ಮಿಕ್ಕಿ ಸುರಿದ ಚೆಲ್ಸಿ ಮುಟ್ಟಿದ್ದು 12ನೇ ಸ್ಥಾನವನ್ನು. ಬಣ್ಣ ಬಳಿದ ಕೊಂಬಿನ ಎತ್ತು ಎಂದದ್ದು ಇದಕ್ಕೇ.

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ಬೇರೆಯೇ ಆಟ, ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವುದು. ಆದರೆ ಬಿಡುವಿನ ಕಾಲವನ್ನು ಅವರು ಮಾಡಿಕೊಂಡಷ್ಟು ದೊಡ್ಡ ಉತ್ಸವವನ್ನು ಬೇರೆ ಯಾರೂ ಮಾಡಿಕೊಂಡಿಲ್ಲ. ಅಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ತಂಡಕ್ಕೇ ಕಾಲೇಜಿನಿಂದ ಬರುವ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ. ವಾಷಿಂಗ್ಟನ್ ತಂಡ 2023ರಲ್ಲಿ 17 ಪಂದ್ಯಗಳಲ್ಲಿ ನಾಲ್ಕೇ ಗೆದ್ದಿತ್ತು. 2024ರಲ್ಲಿ ಜೇಡನ್ ಡೇನಿಯಲ್ಸ್ ಎಂಬ ಹೊಸ ಹುಡುಗ ಬಂದ. ತಂಡ 12 ಗೆದ್ದಿತು. ಸೋತವನಿಗೆ ಮುಂದಿನ ವರ್ಷ ಮೊದಲ ಪಂಕ್ತಿಯಲ್ಲಿ ಎಲೆ ಹಾಕುವ ಈ ಪದ್ಧತಿ ನಮ್ಮ ಫುಟ್‌ಬಾಲಿನಲ್ಲಿ ಇಲ್ಲ. ಇಲ್ಲಿ ಸೋತವನು ಸೋತ ಜಾಗದಿಂದಲೇ ಏಳಬೇಕು.

ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಶುರುವಾದಾಗ ಬಿಡುವಿನ ಕಾಲದ ಚರ್ಚೆಗೆ ಅರ್ಥವೇ ಇರಲಿಲ್ಲ ಎನ್ನಬೇಕು. ಎರಡು–ಮೂರು ತಿಂಗಳ ಜಾತ್ರೆ ಅದು. ಡೆಲ್ ಪಿಯೆರೊ, ಪೈರೆಸ್, ಟ್ರೆಜೆಗೆ ಮುಂತಾದ ನಿವೃತ್ತಿಯ ಅಂಚಿನ ಮಹಾಶಯರು ಬಂದರು, ಕೈ ಬೀಸಿದರು, ಹೋದರು. ಪ್ರತಿ ವರ್ಷ ತಂಡವೇ ಹೊಸದು. 2015ರ ಹರಾಜಿನಲ್ಲಿ ಸುನಿಲ್ ಚೆಟ್ರಿ 1.20 ಕೋಟಿ ರೂಪಾಯಿಗೆ ಮುಂಬೈ ಪಾಲಾದರು, ಯೂಜಿನ್ಸನ್ ಲಿಂಗ್ಡೊ 1.05 ಕೋಟಿಗೆ ಪುಣೆ ಪಾಲಾದರು. ಆಗ ಇಬ್ಬರೂ ಐ–ಲೀಗಿನಲ್ಲಿ ಬೆಂಗಳೂರಿನ ಆಟಗಾರರೇ! ಒಂದೇ ವರ್ಷದಲ್ಲಿ ಎರಡು ಮನೆಯ ಊಟ.

ನಂತರ ಲೀಗು ಉದ್ದವಾಯಿತು, ಒಪ್ಪಂದಗಳೂ ಉದ್ದವಾದವು. ಮೈದಾನದಲ್ಲಿ ಏಕಕಾಲಕ್ಕೆ ಇಳಿಯಬಹುದಾದ ವಿದೇಶಿಯರ ಸಂಖ್ಯೆ ಮೊದಲು ಆರಿತ್ತು, 2017ರಿಂದ ಐದಾಯಿತು, 2021ರಿಂದ ನಾಲ್ಕಾಯಿತು. ಸಣ್ಣ ತಿದ್ದುಪಡಿಯಂತೆ ಕಂಡರೂ ಇದರ ಪರಿಣಾಮ ದೊಡ್ಡದು. ಹನ್ನೊಂದರಲ್ಲಿ ಏಳು ಮಂದಿ ಭಾರತೀಯರೇ ಆದ ಮೇಲೆ, ಬೇಸಿಗೆಯಲ್ಲಿ ಯಾವ ವಿದೇಶಿ ಗೋಲು ಹೊಡೆಯುವವನನ್ನು ತಂದಿರಿ ಎಂಬುದಕ್ಕಿಂತ ಇಪ್ಪತ್ತರ ಹರೆಯದ ಯಾವ ಹುಡುಗನನ್ನು ಉಳಿಸಿಕೊಂಡಿರಿ ಎಂಬುದೇ ಮುಖ್ಯವಾಯಿತು.

2020: ಹೈದರಾಬಾದ್ ಪಕ್ಷದ ವಾದ

ಈ ಕೊನೆಯ ಮಾತನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡದ್ದು ಹೈದರಾಬಾದ್ ಎಫ್‌ಸಿ. ಈ ಕ್ಲಬ್ಬು ಹುಟ್ಟಿದ್ದು 2019ರ ಆಗಸ್ಟಿನಲ್ಲಿ, ಪುಣೆಯ ತಂಡ ನಿಂತುಹೋದಾಗ ಆ ಜಾಗಕ್ಕೆ ಬದಲಿಯಾಗಿ. ಗಚ್ಚಿಬೌಲಿ ಕ್ರೀಡಾಂಗಣ ಮನೆಯಂಗಳ. ಮೊದಲ ವರ್ಷ ಆದದ್ದು ಮಾನಭಂಗ. 18 ಪಂದ್ಯ, ಎರಡೇ ಗೆಲುವು, ಹತ್ತು ಅಂಕ, ಹತ್ತು ತಂಡಗಳಲ್ಲಿ ಹತ್ತನೆಯದು. ಬಿಟ್ಟುಕೊಟ್ಟ ಗೋಲು 39.

2020ರ ಆರಂಭದಲ್ಲಿ ಬೆಂಗಳೂರಿನ ಹಳೆಯ ತರಬೇತುದಾರ ಆಲ್ಬರ್ಟ್ ರೋಕಾ ಅವರನ್ನು ಹೈದರಾಬಾದ್ ಕರೆತಂದಿತು. ಆದರೆ ಆಗಸ್ಟಿನಲ್ಲಿ ರೋಕಾ ಅವರಿಗೆ ಬಾರ್ಸಿಲೋನಾದಿಂದ ಕರೆ ಬಂತು. ಅಂಥ ಕರೆಗೆ ಯಾರು ಇಲ್ಲವೆನ್ನುತ್ತಾರೆ? ಋತು ಆರಂಭಕ್ಕೆ ಮೂರು ತಿಂಗಳಿಲ್ಲ, ಊರೆಲ್ಲ ಕೊರೊನಾ, ತಂಡಕ್ಕೆ ಗುರುವಿಲ್ಲ. ಆಗ ಬಂದವರು ಮನೋಲೊ ಮಾರ್ಕೆಸ್, ಸ್ಪೇನಿನವರು. ನಮ್ಮವರಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಅವರ ಹೆಸರು ಕೇಳಿರಲಿಲ್ಲ. ಅವರು ಆಕಾಶ್ ಮಿಶ್ರಾ, ಆಶೀಷ್ ರೈ ಎಂಬ ಹುಡುಗರನ್ನು ರಕ್ಷಣಾ ಪಂಕ್ತಿಯ ಎರಡು ಅಂಚಿಗೆ ನಿಲ್ಲಿಸಿದರು. ಗೋವಾದಲ್ಲಿ ಅವಕಾಶ ಸಿಗದೆ ಬಂದಿದ್ದ ಲಿಸ್ಟನ್ ಕೊಲಾಸೊಗೆ ಓಡಲು ಬಿಟ್ಟರು. ವಿದೇಶಿಯರಲ್ಲೂ ಪೋಸ್ಟರಿಗೆ ಹಾಕುವಂಥ ಹೆಸರಿರಲಿಲ್ಲ.

ಇಪ್ಪತ್ತು ಪಂದ್ಯ ಮುಗಿದಾಗ 29 ಅಂಕ, ಐದನೇ ಸ್ಥಾನ, ಸೋಲು ಮೂರೇ ಮೂರು. ಬಿಟ್ಟುಕೊಟ್ಟ ಗೋಲು 39ರಿಂದ 19ಕ್ಕೆ ಇಳಿದಿತ್ತು. ಅದರ ಮುಂದಿನ ವರ್ಷ, 2022ರ ಮಾರ್ಚ್ 20ರಂದು, ಗೋವಾದ ಫತೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಹೈದರಾಬಾದ್ ಚಾಂಪಿಯನ್ ಆಯಿತು. ಆ ಋತುವಿನಲ್ಲಿ ಬಾರ್ತಲೋಮ್ಯೂ ಒಗ್ಬೆಚೆ ಒಬ್ಬರೇ 18 ಗೋಲು ಹೊಡೆದಿದ್ದರು.

ನನ್ನನ್ನು ಕೇಳಿದರೆ, ಭಾರತದ ಲೀಗಿನಲ್ಲಿ ಒಂದೇ ಬೇಸಿಗೆಯಲ್ಲಿ ಇಷ್ಟು ಸುಧಾರಿಸಿದ ತಂಡ ಮತ್ತೊಂದಿಲ್ಲ. ಗೆಲುವಿನ ಸಂಖ್ಯೆಗಿಂತ ಆ ಗೋಲಿನ ಲೆಕ್ಕವೇ ಇದಕ್ಕೆ ಸಾಕ್ಷಿ. ಗೋಲು ಹೊಡೆಯುವವನನ್ನು ಹಣ ಕೊಟ್ಟು ತರಬಹುದು. ಗೋಲು ತಡೆಯುವುದಕ್ಕೆ ಹತ್ತು ಮಂದಿ ಒಟ್ಟಿಗೆ ಬೆವರಬೇಕು. ಅದು ಸಂತೆಯಲ್ಲಿ ಸಿಗುವ ಸಾಮಾನಲ್ಲ.

ಬೆಂಗಳೂರು ಪಕ್ಷದ ಉತ್ತರ

ಬೆಂಗಳೂರಿನವರು ಇದಕ್ಕೆ 2013ನ್ನು ಮುಂದಿಡುತ್ತಾರೆ. ಆ ಜುಲೈನಲ್ಲಿ ಹುಟ್ಟಿದ ಕ್ಲಬ್ಬು, ಆಶ್ಲಿ ವೆಸ್ಟ್‌ವುಡ್ ಎಂಬ ಇಂಗ್ಲಿಷ್ ತರಬೇತುದಾರ, ನಾಯಕನಾಗಿ ಸುನಿಲ್ ಚೆಟ್ರಿ. 2014ರ ಏಪ್ರಿಲ್ ಹೊತ್ತಿಗೆ ಮೊದಲ ಯತ್ನದಲ್ಲೇ ಐ–ಲೀಗ್ ಚಾಂಪಿಯನ್. ಸೊನ್ನೆಯಿಂದ ಒಂದನೇ ಸ್ಥಾನಕ್ಕೆ ಬಂದದ್ದಕ್ಕಿಂತ ದೊಡ್ಡ ಸುಧಾರಣೆ ಇದೆಯೇ ಎಂಬುದು ಅವರ ಪ್ರಶ್ನೆ. ವಾದಕ್ಕೆ ಚೆಂದ. ಆದರೆ ಹುಟ್ಟದಿದ್ದ ಕೂಸು ಸುಧಾರಿಸಿತು ಎನ್ನಲಾದೀತೇ?

ಅವರ ಬತ್ತಳಿಕೆಯಲ್ಲಿ ಇನ್ನೂ ಒಳ್ಳೆಯ ಬಾಣವಿದೆ. 2016ರ ಬೇಸಿಗೆಯಲ್ಲಿ ವೆಸ್ಟ್‌ವುಡ್ ಹೋಗಿ ರೋಕಾ ಬಂದರು. ಅಕ್ಟೋಬರ್ 19ರ ರಾತ್ರಿ ಕಂಠೀರವದಲ್ಲಿ ಮಲೇಷ್ಯಾದ ಬಲಾಢ್ಯ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿದ ಬೆಂಗಳೂರು, ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ತಂಡವೆನಿಸಿತು. ದೋಹಾದ ಫೈನಲ್‌ನಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ ಒಂದು ಗೋಲಿನಿಂದ ಸೋತರೂ, ಅಂದಿನ ಬೆಂಗಳೂರಿನ ಆಟವನ್ನು ಕಂಡವರು ಇಂದಿಗೂ ಮರೆತಿಲ್ಲ.

ಆದರೆ ಇದೇ ಬೆಂಗಳೂರಿನ 2022 ಒಂದು ಪಾಠದಂತಿದೆ. ಆ ಬೇಸಿಗೆಯಲ್ಲಿ ರಾಯ್ ಕೃಷ್ಣ, ಹಾವಿ ಹೆರ್ನಾಂಡೆಸ್, ಸಂದೇಶ್ ಜಿಂಗನ್, ಪ್ರಬೀರ್ ದಾಸ್ ಎಲ್ಲರೂ ಬಂದರು. ಜೊತೆಗೆ ಸೈಮನ್ ಗ್ರೇಸನ್ ಎಂಬ ಹೊಸ ತರಬೇತುದಾರ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಬೇಸಿಗೆ ಯಾವ ಕ್ಲಬ್ಬಿಗೂ ಬಂದಿರಲಿಕ್ಕಿಲ್ಲ. ಸೆಪ್ಟೆಂಬರಿನಲ್ಲಿ ಡ್ಯೂರಾಂಡ್ ಕಪ್ ಗೆದ್ದು ಎಲ್ಲರ ಬಾಯಿ ಮುಚ್ಚಿಸಿದ್ದೂ ಆಯಿತು. ಲೀಗು ಶುರುವಾದ ಮೇಲೆ ನೋಡಿದರೆ ಸಾಲು ಸೋಲು. ಡಿಸೆಂಬರ್ ಕಳೆಯುವಾಗ ತಂಡ ಕೆಳಗಿನ ಸಾಲಿನಲ್ಲಿತ್ತು. ಮತ್ತೆ ಏನು ಮಂತ್ರ ಹಾಕಿದರೋ, ಕೊನೆಯ ಎಂಟು ಲೀಗ್ ಪಂದ್ಯಗಳನ್ನು ಸತತವಾಗಿ ಗೆದ್ದು ಫೈನಲ್‌ವರೆಗೂ ಹೋಯಿತು. ಅಲ್ಲಿ ಮೋಹನ್ ಬಾಗಾನ್ ಎದುರು ಪೆನಾಲ್ಟಿಯಲ್ಲಿ ಸೋಲು. 2023ರ ಬೇಸಿಗೆ ಬಂದಾಗ ಕೃಷ್ಣ ಒಡಿಶಾಕ್ಕೆ, ಜಿಂಗನ್ ಗೋವಾಕ್ಕೆ, ಪ್ರಬೀರ್ ಕೇರಳಕ್ಕೆ. ಒಂದು ವರ್ಷಕ್ಕೆ ಕಟ್ಟಿದ ಚಪ್ಪರ ಒಂದೇ ವರ್ಷಕ್ಕೆ ಬಿಚ್ಚಿತು. ಆ ಋತುವಿನಲ್ಲಿ 22 ಪಂದ್ಯಗಳಿಂದ 22 ಅಂಕ, 12 ತಂಡಗಳಲ್ಲಿ ಹತ್ತನೇ ಸ್ಥಾನ.

ಕಬಡ್ಡಿ ಪ್ರಿಯರಿಗೆ ಇದು ಹೊಸ ಕಥೆಯಲ್ಲ. 2024ರ ಹರಾಜಿನಲ್ಲಿ ಪ್ರದೀಪ್ ನರ್ವಾಲ್ ಅವರನ್ನು 70 ಲಕ್ಷಕ್ಕೆ ತಂದ ಬೆಂಗಳೂರು ಬುಲ್ಸ್ ಆ ವರ್ಷ ಪ್ರೊ ಕಬಡ್ಡಿಯಲ್ಲಿ ಕಟ್ಟಕಡೆಯ ಸ್ಥಾನ ಪಡೆಯಿತು.

2024ರ ಬೇಸಿಗೆ: ಮೂವರೂ 38

ಈಗ ಬರೋಣ ನಿಜವಾದ ಜಗಳಕ್ಕೆ. 2024ರ ಬೇಸಿಗೆಯಲ್ಲಿ ಹೆಚ್ಚು ಸುಧಾರಿಸಿದವರು ಯಾರು? ಇದರ ಬಗ್ಗೆ ಒಂದು ಸಂಜೆಯಲ್ಲ, ಹತ್ತು ಸಂಜೆ ಕೂತು ಮಾತಾಡಬಹುದು. ಏಕೆಂದರೆ 2024–25ರ ಲೀಗು ಮುಗಿದಾಗ ಬೆಂಗಳೂರು, ನಾರ್ತ್ ಈಸ್ಟ್ ಯುನೈಟೆಡ್, ಜಮ್ಷೆಡ್‌ಪುರ ಮೂರೂ ತಂಡಗಳ ಬಳಿ ಇದ್ದದ್ದು ತಲಾ 38 ಅಂಕ! ಸ್ಥಾನ ಮೂರು, ನಾಲ್ಕು, ಐದು.

ಬೆಂಗಳೂರು ಆ ಬೇಸಿಗೆಯಲ್ಲಿ ಮುಂಬೈನಿಂದ ಪೆರೇರಾ ಡಿಯಾಸ್, ನೊಗೆರಾ, ರಾಹುಲ್ ಭೆಕೆ ಅವರನ್ನು ತಂದಿತು. ಭೆಕೆಗೆ ಇದು ತವರಿಗೆ ಮರಳಿದಂತೆ. 2019ರ ಮಾರ್ಚ್ 17ರ ಫೈನಲ್‌ನಲ್ಲಿ 117ನೇ ನಿಮಿಷಕ್ಕೆ ತಲೆಕೊಟ್ಟು ಬೆಂಗಳೂರಿಗೆ ಏಕೈಕ ಐಎಸ್ಎಲ್ ಕಿರೀಟ ತಂದುಕೊಟ್ಟವರು ಅವರೇ. ಸ್ಪೇನಿನಿಂದ ಪೆದ್ರೊ ಕಾಪೊ, ಮೆಕ್ಸಿಕೋದಲ್ಲಿ ಆಡುತ್ತಿದ್ದ ಎಡ್ಗರ್ ಮೆಂಡೆಸ್ ಬಂದರು. ಆದರೆ ಆ ವರ್ಷ ಬೆಂಗಳೂರಿಗೆ ಹೆಚ್ಚು ಗೋಲು ಹೊಡೆದವರು ಇವರಾರೂ ಅಲ್ಲ. ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು ಆಡಿ ಅಂತರರಾಷ್ಟ್ರೀಯ ಫುಟ್‌ಬಾಲಿಗೆ ಕಣ್ಣೀರಿನ ವಿದಾಯ ಹೇಳಿದ್ದ ಸುನಿಲ್ ಚೆಟ್ರಿ, ನಲವತ್ತು ತುಂಬಿದ ಮೇಲೆ 14 ಗೋಲು ಹೊಡೆದರು. ಎಂಥ ದೊಡ್ಡ ಸಂತೆಗೆ ಹೋದರೇನು, ಕೊನೆಗೆ ನೊಗ ಎಳೆದದ್ದು ಮನೆಯ ಹಳೆಯ ಎತ್ತೇ.

ಜಮ್ಷೆಡ್‌ಪುರದವರ ಲೆಕ್ಕ ಬೇರೆ. ಹಿಂದಿನ ವರ್ಷ ಅವರದು 21 ಅಂಕ, 11ನೇ ಸ್ಥಾನ. 21ರಿಂದ 38 ಎಂದರೆ 17 ಅಂಕದ ಜಿಗಿತ. ಬೆಂಗಳೂರಿನದು 22ರಿಂದ 38, ಹದಿನಾರೇ. ಹಾಗಾದರೆ ಜಮ್ಷೆಡ್‌ಪುರವೇ ಮುಂದು? ಸ್ವಲ್ಪ ತಾಳಿ. 2024ರ ಮಾರ್ಚಿನಲ್ಲಿ ಮುಂಬೈ ವಿರುದ್ಧ 1–1 ಸಮವಾಗಿದ್ದ ಪಂದ್ಯದಲ್ಲಿ, ಮೈದಾನದಲ್ಲಿರಬೇಕಾದಷ್ಟು ಭಾರತೀಯರಿರಲಿಲ್ಲ ಎಂಬ ಕಾರಣಕ್ಕೆ ಶಿಸ್ತು ಸಮಿತಿ ಜಮ್ಷೆಡ್‌ಪುರದ ಒಂದು ಅಂಕ ಕಿತ್ತುಕೊಂಡು ಮುಂಬೈಗೆ 3–0 ಗೆಲುವು ಕೊಟ್ಟಿತ್ತು. ಆ ಅಂಕ ಸೇರಿಸಿದರೆ ಅವರದೂ 22. ಎರಡೂ ತಂಡ ಕೂದಲೆಳೆಯೂ ವ್ಯತ್ಯಾಸವಿಲ್ಲದಂತೆ ಒಂದೇ ಜಾಗದಿಂದ ಹೊರಟು ಒಂದೇ ಜಾಗಕ್ಕೆ ಬಂದವು ಎನ್ನಬೇಕು. ಎರಡೂ ಋತುವಿನ ಪಂದ್ಯಗಳ ಸಂಖ್ಯೆಯಲ್ಲಿ ಎರಡರ ವ್ಯತ್ಯಾಸವಿದೆ, ಅದು ಎಲ್ಲರಿಗೂ ಸಮ.

ಇನ್ನೂ ಒಂದು ಕಾಕತಾಳೀಯವಿದೆ. ಬೆಂಗಳೂರಿಗೆ ಹೆರಾರ್ಡ್ ಸರಗೋಸಾ ಬಂದದ್ದೂ ಜಮ್ಷೆಡ್‌ಪುರಕ್ಕೆ ಖಾಲಿದ್ ಜಮೀಲ್ ಬಂದದ್ದೂ 2023ರ ಡಿಸೆಂಬರಿನಲ್ಲೇ, ಅಂದರೆ ಋತುವಿನ ನಡುವೆ. ಬೇರೆಯವರು ಬಿತ್ತಿದ ಹೊಲಕ್ಕೆ ನೀರು ಹಾಯಿಸಲು ಬಂದವರು ಇವರು. ತಮ್ಮದೇ ಬೀಜ ಬಿತ್ತಲು ಅವರಿಗೆ ಸಿಕ್ಕ ಮೊದಲ ಬೇಸಿಗೆ 2024ರದು. ಈ ದೃಷ್ಟಿಯಿಂದ ನೋಡಿದರೆ ‘ಯಾರನ್ನು ಖರೀದಿಸಿದರು’ ಎನ್ನುವುದಕ್ಕಿಂತ ‘ಖರೀದಿಸುವಾಗ ಯಾರಿದ್ದರು’ ಎಂಬುದೇ ಸರಿಯಾದ ಪ್ರಶ್ನೆ. ಕ್ಲಬ್ಬಿನ ಖಜಾನೆಯಲ್ಲಿ ಹಣ ಕಡಿಮೆ ಇದ್ದರೂ ಫಲ ತೆಗೆಯುತ್ತಾರೆಂಬ ಹೆಸರು ಜಮೀಲ್ ಅವರಿಗೆ ಮೊದಲೇ ಇತ್ತು. 2025ರ ಆಗಸ್ಟಿನಲ್ಲಿ ಅವರು ಭಾರತ ತಂಡದ ತರಬೇತುದಾರರಾದರು.

ಮೂರನೆಯವರು ನಾರ್ತ್ ಈಸ್ಟ್. ಇವರ ಜಿಗಿತ ಆ ವರ್ಷ 12 ಅಂಕದ್ದು ಮಾತ್ರ. ಆದರೆ ಎರಡು ವರ್ಷ ಹಿಂದೆ ಹೋಗಿ ನೋಡಿ: 2022–23ರಲ್ಲಿ 20 ಪಂದ್ಯಗಳಲ್ಲಿ ಒಂದೇ ಗೆಲುವು, ಐದೇ ಅಂಕ. ಅಲ್ಲಿಂದ ಹುವಾನ್ ಪೆದ್ರೊ ಬೆನಾಲಿ ಈ ತಂಡವನ್ನು ಎತ್ತಿ ನಿಲ್ಲಿಸಿದರು. 2024ರ ಬೇಸಿಗೆಯಲ್ಲಿ ಮೊರಾಕ್ಕೊದಿಂದ ಬಂದ ಅಲಾದ್ದೀನ್ ಅಜಾರೈ ಆ ಋತುವಿನಲ್ಲಿ 23 ಗೋಲು ಹೊಡೆದು ಲೀಗಿನ ದಾಖಲೆ ಮುರಿದರು. ಆಗಸ್ಟ್ 31ರಂದು ಕೋಲ್ಕತ್ತದಲ್ಲೇ ಮೋಹನ್ ಬಾಗಾನನ್ನು ಮಣಿಸಿ ಡ್ಯೂರಾಂಡ್ ಕಪ್ ಎತ್ತಿದ್ದರು, 2025ರಲ್ಲಿ ಅದನ್ನು ಉಳಿಸಿಕೊಂಡರು. ಒಬ್ಬನೇ ಒಬ್ಬ ಆಟಗಾರನ ಆಯ್ಕೆಯಲ್ಲಿ ಗೆದ್ದವರು ಯಾರು ಎಂದರೆ ಇವರೇ. ಅದರಲ್ಲಿ ಎರಡು ಮಾತಿಲ್ಲ.

ಆ ಬೇಸಿಗೆಯ ಒಂದು ಸಂಗತಿ ನೆನಪಿಸಿಕೊಳ್ಳದೆ ಮುಂದೆ ಹೋಗಲಾಗದು. ಕ್ಲಬ್ಬುಗಳು ಆಟಗಾರರನ್ನು ಹೊಂದಿಸಿಕೊಳ್ಳುತ್ತಿದ್ದಾಗಲೇ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದು ವಾರ ಮಾನ್ವಿ, ಸಿಂಧನೂರು ಕಡೆಯ ಜನಕ್ಕೆ ನಿದ್ದೆಯಿಲ್ಲ. ತಾತ್ಕಾಲಿಕ ಗೇಟು ಕೂಡುವವರೆಗೆ ಯಾರ ಬಾಯಲ್ಲೂ ಫುಟ್‌ಬಾಲ್ ಇರಲಿಲ್ಲ. ಇರಬೇಕಾದದ್ದೂ ಅಲ್ಲ.

ಕಾಲುವೆಯ ಕೊನೆಯಂಚು

ನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ‘ಕೊನೆ ಭಾಗ’ ಎಂಬ ಮಾತಿನ ಅರ್ಥ ಮಾನ್ವಿಯವರಿಗೆ, ರಾಯಚೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲಿನವರು ಕುಡಿದು, ಮೇಲಿನವರು ಉಂಡು, ಉಳಿದರೆ ನಮಗೆ. ವೃತ್ತಿಪರ ಫುಟ್‌ಬಾಲಿನ ಹಣವೂ ಹಾಗೆಯೇ ಹರಿಯುತ್ತದೆ. ಕೋಟಿಗಟ್ಟಲೆಯ ಲೀಗು ಹತ್ತು ವರ್ಷ ದಾಟಿದರೂ ಅದರ ಹನಿಗಳು ಬೆಂಗಳೂರಿನ ಸೂಪರ್ ಡಿವಿಷನ್ ದಾಟಿ ಇತ್ತ ಬಂದದ್ದು ಕಡಿಮೆ. ದೇವದುರ್ಗದ ಹುಡುಗನಿಗೆ ಕಾಲಿನಲ್ಲಿ ಆಟವಿದೆ ಎನ್ನಿ. ಅವನು ಅದನ್ನು ಯಾರಿಗೆ ತೋರಿಸಬೇಕು? ನಾನೂರು ಕಿಲೋಮೀಟರು ಹೋಗಿ, ರೂಮು ಹಿಡಿದು, ಎರಡು–ಮೂರು ವರ್ಷ ಅಲ್ಲಿನ ಡಿವಿಷನ್ ತಂಡಗಳಲ್ಲಿ ಬೂಟು ಸವೆಸಿದರೆ ಒಂದು ವೇಳೆ ಯಾರಾದರೂ ನೋಡಿಯಾರು. ಕೃಷ್ಣೆಯ ನೀರು ನಾರಾಯಣಪುರ ಬಲದಂಡೆ ಕಾಲುವೆಯಲ್ಲಿ ದೇವದುರ್ಗದವರೆಗೆ ಬರಲು ದಶಕಗಳು ಬೇಕಾದವು. ಚೆಂಡು ಬರಲು ಇನ್ನೆಷ್ಟು ಬೇಕೋ.

ಹೈದರಾಬಾದಿಗೆ ಕ್ಲಬ್ಬು ಬಂದಾಗ ಈ ಭಾಗದ ಕೆಲವರಿಗೆ ಆಸೆ ಹುಟ್ಟಿದ್ದು ಇದಕ್ಕೇ. ಬೆಳಗಿನ ರೈಲು ಹತ್ತಿದರೆ ಪಂದ್ಯ ನೋಡಿ ಮರುದಿನ ಊರು ಸೇರಬಹುದಾದ ದೂರ. ಮಗನನ್ನು ಆಯ್ಕೆ ಶಿಬಿರಕ್ಕೆ ಕರೆದೊಯ್ಯಲು ಎರಡು ದಿನದ ಕೂಲಿ ಬಿಟ್ಟರೆ ಸಾಕು.

ಆ ಕ್ಲಬ್ಬಿನ ಗತಿ ಏನಾಯಿತು? 2022–23ರಲ್ಲಿ 42 ಅಂಕ ಗಳಿಸಿ ಎರಡನೇ ಸ್ಥಾನದಲ್ಲಿದ್ದ ತಂಡ. ಮನೋಲೊ 2023ರಲ್ಲಿ ಗೋವಾಕ್ಕೆ ಹೋದರು. ಸಂಬಳದ ಬಾಕಿ, ಹೊಸ ಆಟಗಾರರನ್ನು ನೋಂದಾಯಿಸದಂತೆ ನಿಷೇಧ, ಒಬ್ಬೊಬ್ಬರಾಗಿ ವಿದೇಶಿಯರ ನಿರ್ಗಮನ. 2023–24ರಲ್ಲಿ 22 ಪಂದ್ಯ, ಒಂದೇ ಗೆಲುವು, ಎಂಟು ಅಂಕ, ಕಟ್ಟಕಡೆಯ ಸ್ಥಾನ. 2024ರ ಜನವರಿಯಲ್ಲಿ ನಿಖಿಲ್ ಪೂಜಾರಿ, ಚಿಂಗ್ಲೆನ್‌ಸನಾ ಸಿಂಗ್ ಬೆಂಗಳೂರಿಗೆ ಬಂದದ್ದು ಹೀಗೆ. ಒಂದು ಪಕ್ಷದವರ ಮನೆ ಬಿದ್ದಾಗ ಇನ್ನೊಂದು ಪಕ್ಷದವರಿಗೆ ತೊಲೆ ಸಿಕ್ಕಿತು. ಮಾಲೀಕರು ಬದಲಾದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ಕ್ಲಬ್ಬು ದೆಹಲಿಗೆ ಹೋಯಿತು. ಹೆಸರು ಸ್ಪೋರ್ಟಿಂಗ್ ಕ್ಲಬ್ ದೆಹಲಿ ಎಂದಾಯಿತು. ಪುಣೆಯವರ ಜಾಗದಲ್ಲಿ ಹುಟ್ಟಿದ್ದು ದೆಹಲಿಯವರ ಮನೆ ಸೇರಿತು. ಒಂದೇ ಬೇಸಿಗೆಯಲ್ಲಿ ಎಲ್ಲರಿಗಿಂತ ಹೆಚ್ಚು ಸುಧಾರಿಸಿದ ತಂಡಕ್ಕೆ ಈಗ ಊರೇ ಇಲ್ಲ.

ಬಿಡುವು ಮುಗಿಯದ ವರ್ಷ

2025ರ ಬೇಸಿಗೆಯಲ್ಲಂತೂ ವಾದವೇ ತಲೆಕೆಳಗಾಯಿತು. ಫುಟ್‌ಬಾಲ್ ಫೆಡರೇಷನ್ನಿಗೂ ಲೀಗು ನಡೆಸುವ ಕಂಪನಿಗೂ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನು ಎಂಬುದು ಇತ್ಯರ್ಥವಾಗಲಿಲ್ಲ. ಜುಲೈನಲ್ಲಿ ಲೀಗನ್ನು ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಏಪ್ರಿಲ್ 12ರಂದು ಫೈನಲ್ ಆಡಿದ್ದ ತಂಡ! ವಿಷಯ ಸುಪ್ರೀಂ ಕೋರ್ಟಿನಲ್ಲಿತ್ತು. ವಾಣಿಜ್ಯ ಹಕ್ಕಿಗೆ ಟೆಂಡರ್ ಕರೆದರೆ ಒಬ್ಬನೂ ಬರಲಿಲ್ಲ. ಯಾರು ಸುಧಾರಿಸಿದರು ಎಂದು ಕೇಳುತ್ತಿದ್ದವರು, ಯಾರು ಉಳಿದಾರು ಎಂದು ಕೇಳತೊಡಗಿದರು. ನಾಲ್ಕೈದು ತಿಂಗಳ ಬಿಡುವು ಹತ್ತು ತಿಂಗಳಿಗೆ ಬೆಳೆಯಿತು. ಚೆಟ್ರಿಯಂಥವರು ಕೂತು ತಿನ್ನಬಲ್ಲರು. ತಿಂಗಳ ಸಂಬಳದ ಮೇಲೆ ತಂಗಿಯ ಮದುವೆ, ಮನೆ ಸಾಲ ಹೊತ್ತುಕೊಂಡ ಇಪ್ಪತ್ತೆರಡರ ಹುಡುಗರ, ತಂಡದ ಬಟ್ಟೆ ಒಗೆಯುವವರ, ಮೈದಾನದ ಹುಲ್ಲು ಕತ್ತರಿಸುವವರ ಪಾಡು ಬೇರೆ. ಮಳೆ ಕೈಕೊಟ್ಟ ವರ್ಷದ ಕೂಲಿಕಾರರನ್ನು ಕಂಡ ನಮ್ಮ ಜಿಲ್ಲೆಗೆ ಇದು ಅರ್ಥವಾಗದ ಮಾತಲ್ಲ.

ಕಡೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಘೋಷಿಸಿದರು: 14 ತಂಡ, 91 ಪಂದ್ಯ, ಫೆಬ್ರವರಿ 14ರಿಂದ ಆರಂಭ. ಅಂದರೆ ಪ್ರತಿ ತಂಡಕ್ಕೆ ಹದಿಮೂರೇ ಪಂದ್ಯ. ಘೋಷಣೆಗೂ ಆರಂಭಕ್ಕೂ ನಡುವೆ ಆರು ವಾರವೂ ಇಲ್ಲ. ಬಿಟ್ಟುಹೋದ ವಿದೇಶಿಯರ ಜಾಗಕ್ಕೆ ಯಾರು, ಸಂಬಳ ಎಷ್ಟು ಕಡಿತ, ತವರಿನ ಪಂದ್ಯ ಎಲ್ಲಿ ಎಂಬ ಪ್ರಶ್ನೆಗಳ ನಡುವೆಯೇ ತಂಡ ಕಟ್ಟುವ ಕೆಲಸ ಶುರುವಾಯಿತು.

ರಾಯಚೂರಿನ ಬೆಂಗಳೂರು ಪಕ್ಷದವರಿಗೆ ಅಂದೇ ಸಂಜೆ ಮಾತಿಗೆ ವಸ್ತು ಸಿಕ್ಕಿತು. ಹೈದರಾಬಾದ್ ಪಕ್ಷದವರದು ಬಿಕ್ಕಟ್ಟು. ದೆಹಲಿಯನ್ನು ತಮ್ಮದೆನ್ನಲು ಮನಸ್ಸಿಲ್ಲ, ಇಷ್ಟು ವರ್ಷ ಜರೆದ ಬೆಂಗಳೂರಿಗೆ ಜೈ ಎನ್ನಲು ಬಾಯಿ ಬಾರದು. ಕೆಲವರು ಮನೋಲೊ ಹೋದ ಕಡೆಗೆ ಎಂದು ಗೋವಾದ ಹೆಸರು ಹೇಳುತ್ತಾರೆ. ಇನ್ನು ಕೆಲವರು ಯಾವ ತಂಡದ ಹೆಸರನ್ನೂ ಹೇಳದೆ, ರಹೀಮ್ ಸಾಹೇಬರ ಪೊಲೀಸ್ ತಂಡದಿಂದ ಮಾತು ಶುರು ಮಾಡುತ್ತಾರೆ.